ಹೊರಗಿಂದ ಹೊಡೀಲಾ, ಒಳಗೆ ಕೊಡ್ಲಾ?

ಪ್ರಶ್ನೆ: ನಾನು ಕಾಲೇಜ್ ಬಾಸ್ಕೆಟ್‌ಬಾಲ್ ಟೀಮಲ್ಲಿ ಗಾರ್ಡ್ (ಹೊರಗಡೆ ನಿಂತು ಆಟ ನಡೆಸೋನು), ಹೈಟ್ 5 ಅಡಿ 7 ಇಂಚು. ಅಮೆರಿಕಾ ಕಾಲೇಜ್ ಮ್ಯಾಚಲ್ಲಿ ಗಾರ್ಡ್‌ಗಳು ದೂರದಿಂದ ಹೊಡೆದೇ ಗೆಲ್ಲಿಸ್ತಾರೆ, ನಮ್ಮ ಸರ್ ಮಾತ್ರ ‘ಒಳಗೆ ರಿಂಗ್ ಹತ್ರ ಇರೋ ಎತ್ತರದ ಹುಡುಗ್ರಿಗೆ ಕೊಡು, ನೀನು ಹೊಡೀಬೇಡ’ ಅಂತಾರೆ. ಏನ್ಮಾಡ್ಲಿ?
– ಒಬ್ಬ ವಿದ್ಯಾರ್ಥಿ, ಬಳ್ಳಾರಿ

ಉತ್ತರ: ನಿಮ್ಮ ಸರ್ ಹೇಳೋದು ಹಳೇ ಪಾಠ ತಮ್ಮಾ, ಹಂಗಂತ ಪೂರ್ತಿ ತಪ್ಪೇನಲ್ಲ. ಅಲ್ಲಿ ಹುಡುಗ್ರ ಕಾಲೇಜ್ ಆಟಕ್ಕೆಲ್ಲಾ ತ್ರೀ ಪಾಯಿಂಟ್ ಗೆರೆ (ಅದರಾಚೆಯಿಂದ ಹಾಕಿದ್ರೆ 2ರ ಬದ್ಲು 3 ಪಾಯಿಂಟ್, ಅದಕ್ಕೇ ‘ತ್ರೀ’ ಅನ್ನೋದು) ಬಂದಿದ್ದೇ 1986ರಲ್ಲಿ, ಆಮೇಲೆ ಗಾರ್ಡ್ ಅಂದ್ರೆ ಬರೀ ಬಾಲ್ ತಂದು ಕೊಡೋನು ಅನ್ನೋದು ನಿಧಾನಕ್ಕೆ ಹೋಯ್ತು, ಡೇವಿಡ್ಸನ್ ಅನ್ನೋ ಸಣ್ಣ ಕಾಲೇಜಲ್ಲಿದ್ದ ಗಾರ್ಡ್ ಸ್ಟೀಫನ್ ಕರಿ 2007-08ರ ಒಂದೇ ಸೀಸನ್ನಲ್ಲಿ 162 ತ್ರೀ ಹಾಕ್ದ, 2018ರ ಕಾಲೇಜ್ ಟೂರ್ನಿ ಸೆಮಿಫೈನಲಲ್ಲಿ ವಿಲನೋವಾ ಟೀಮು ಕಾನ್ಸಸ್ ಟೀಮಿನ ಮೇಲೆ 18 ತ್ರೀ ಹಾಕಿ ಆ ವರ್ಷ ಕಪ್ಪೂ ಹೊಡೀತು.

ಲೆಕ್ಕ ನೋಡು. 10 ತ್ರೀಲಿ 4 ಬಿದ್ರೆ 12 ಪಾಯಿಂಟ್, ಒಳಗಿಂದ 10ರಲ್ಲಿ 5 ಬಿದ್ರೂ 10 ಪಾಯಿಂಟೇ. ಆದ್ರೆ ನಿಂದು 10ಕ್ಕೆ 2 ಬಿದ್ರೆ ಬರೀ 6, ಆಗ ಸರ್ ಬೈದ್ರೆ ಬೈಸ್ಕೋಬೇಕು! ಗೆರೆ 6.75 ಮೀಟರ್ ದೂರ ಐತೆ, ಅದೂ ಬಯಲಲ್ಲಿರೋ ಸಿಮೆಂಟ್ ಕೋರ್ಟಲ್ಲಿ ಸಂಜೆ ಗಾಳಿ ಎದ್ರೆ ಬಾಲ್ ರಿಂಗ್ ಮುಟ್ಟೋಕ್ಮುಂಚೆನೇ ದಾರಿ ತಪ್ತೈತೆ, ಟಿವೀಲಿ ಕಾಣೋ ಒಳಾಂಗಣದಲ್ಲಿ ಆ ತಾಪತ್ರಯ ಇಲ್ಲ.

ನನ್ನ ಕೇಳಿದ್ರೆ ಮೊದ್ಲು ಡ್ರೈವ್ ಕಲಿ, ಅಂದ್ರೆ ಬಾಲ್ ಪುಟಿಸ್ತಾ ರಿಂಗ್ ಕಡೆ ನುಗ್ಗೋದು. ನೀನು ಒಳಗೆ ನುಗ್ಗಿದ್ರೆ ಡಿಫೆಂಡರ್‌ಗಳು ನಿನ್ನ ಕಡೆ ಬರ್ತಾರೆ, ಕಾರ್ನರಲ್ಲಿರೋನು ಖಾಲಿ ಸಿಗ್ತಾನೆ, ಅವನಿಗೆ ಪಾಸ್ ಕೊಡು, ವಾಪಸ್ ಬಾಲ್ ಬಂದು ನಿನ್ನ ಮುಂದೆ ಯಾರೂ ಇಲ್ಲಾಂದ್ರೆ ಧೈರ್ಯವಾಗಿ ಹೊಡಿ. ಪ್ರಾಕ್ಟೀಸಲ್ಲಿ ಎಷ್ಟು ಹೊಡ್ದೆ ಎಷ್ಟು ಬಿತ್ತು ಅಂತ ದಿನಾ ಬರೆದಿಟ್ಟು ಸರ್‌ಗೆ ತೋರ್ಸು, ವಾದ ಮಾಡೋಕೆ ಹೋಗ್ಬೇಡ.