ಹೊಯಿಗೆಯಲ್ಲಿ ಕಡಲಾಮೆಯ ಗೂಡು ಕಂಡರೆ ಏನು ಮಾಡಬೇಕು?

ಈ ಬಾರಿಯ ಪ್ರಶ್ನೆಗಳೆಲ್ಲ ಕಡಲಾಮೆಯ ಸುತ್ತಲೇ ಇವೆ.

ಪ್ರಶ್ನೆ (ಪಡುಕೆರೆ, ಮಲ್ಪೆ): ಬೆಳಗ್ಗೆ ಕಡಲ ಬದಿಗೆ ಹೋದಾಗ ಹೊಯಿಗೆಯ ಮೇಲೆ ಟ್ರ್ಯಾಕ್ಟರ್ ಚಕ್ರ ಹೋದಂಥ ಗುರುತು ಕಂಡಿತು. ನೀರಿನಿಂದ ಅಡುಂಬು ಬಳ್ಳಿಯವರೆಗೆ ಬಂದು ಮತ್ತೆ ನೀರಿಗೆ ಇಳಿದಿದೆ. ಆಮೆ ಮೊಟ್ಟೆ ಇಟ್ಟಿರಬೇಕು ಎಂದು ನೆರೆಯವರು ಹೇಳುತ್ತಾರೆ. ಇಲ್ಲಿ ನಾಯಿಗಳ ಕಾಟ ಹೆಚ್ಚು. ಮೊಟ್ಟೆ ತೆಗೆದು ನಮ್ಮ ಅಂಗಳದಲ್ಲಿ ಹೂತು ಕಾಪಾಡಬಹುದೇ?

ಉತ್ತರ: ದಯವಿಟ್ಟು ಬೇಡ. ಒಳ್ಳೆಯ ಮನಸ್ಸಿನಿಂದ ಮಾಡಿದರೂ ಅದರಿಂದ ಇಡೀ ಗೂಡು ಸಾಯಬಹುದು.

ನಮ್ಮ ತೀರಕ್ಕೆ ಮೊಟ್ಟೆಯಿಡಲು ಬರುವುದು ಮುಖ್ಯವಾಗಿ ಆಲಿವ್ ರಿಡ್ಲಿ. ಅದು ಎಡಗೈ, ಬಲಗೈ ಒಂದಾದ ಮೇಲೊಂದು ಹಾಕಿ ತೆವಳುವುದರಿಂದ ಎರಡೂ ಬದಿಯ ಅಚ್ಚುಗಳು ಹಿಂದುಮುಂದಾಗಿ ಬೀಳುತ್ತವೆ. ಗುರುತಿನ ಅಗಲ 70ರಿಂದ 80 ಸೆಂ.ಮೀ. ಅಚ್ಚುಗಳು ಜೋಡಿಜೋಡಿಯಾಗಿ ಸಮ ಬಿದ್ದು, ಅಗಲ ಒಂದು ಮೀಟರಿನ ಹತ್ತಿರವಿದ್ದರೆ ಹಸಿರಾಮೆ ಇರಬಹುದು. ಗುರುತಿನ ಮೇಲ್ತುದಿಯಲ್ಲಿ ಹೊಯಿಗೆ ಕೆದರಿ ಎರಚಿದಂತಿದ್ದರೆ ಗೂಡು ಇರುವ ಸಾಧ್ಯತೆ ಹೆಚ್ಚು. ಕೆದರದೆ ಬರೀ ತಿರುಗಿ ಹೋಗಿದ್ದರೆ ಬೆಳಕಿಗೋ ಜನರಿಗೋ ಹೆದರಿ, ಅಥವಾ ಕಡಲ್ಕೊರೆತ ತಡೆಯಲು ಹಾಕಿದ ಕಲ್ಲು ಅಡ್ಡವಾಗಿ ಮರಳಿರುತ್ತದೆ. ಖಚಿತ ಮಾಡಿಕೊಳ್ಳಲು ಕೋಲು ಚುಚ್ಚಿ ನೋಡಲೇಬೇಡಿ, ಮೇಲಿನ ಮೊಟ್ಟೆಗಳು ಒಡೆದರೆ ಆ ವಾಸನೆಗೇ ನಾಯಿ, ನರಿ ಬರುತ್ತವೆ.

ಗೂಡು ಕೊಡಪಾನದ ಆಕಾರದಲ್ಲಿರುತ್ತದೆ: ಕುತ್ತಿಗೆ ಸಣ್ಣದು, ಹೊಟ್ಟೆ ಅಗಲ, ಆಳ 40ರಿಂದ 50 ಸೆಂ.ಮೀ. ಒಳಗೆ ಸಾಮಾನ್ಯವಾಗಿ 100ರಿಂದ 120 ಮೊಟ್ಟೆ. ಕೋಳಿ ಕಾವಿಗೆ ಕೂತಾಗ ಮೊಟ್ಟೆಯನ್ನು ತಿರುಗಿಸುತ್ತಲೇ ಇರುತ್ತದೆಯಲ್ಲ, ಆಮೆ ಮೊಟ್ಟೆಯ ರೀತಿ ಅದಕ್ಕೆ ಪೂರ್ತಿ ವಿರುದ್ಧ. ಇಟ್ಟ ಕೆಲವೇ ಗಂಟೆಗಳಲ್ಲಿ ಭ್ರೂಣವು ಚಿಪ್ಪಿನ ಒಳಮೈಯ ಮೇಲ್ಭಾಗಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಆ ಪೊರೆ ಹರಿದು ಭ್ರೂಣ ಸಾಯುತ್ತದೆ, ಹೊರಗಿನಿಂದ ಏನೂ ತಿಳಿಯುವುದಿಲ್ಲ. ಆಮೆ ರಾತ್ರಿ ಬಂದು ಹೋಗಿರುತ್ತದೆ, ನೀವು ನೋಡುವಾಗ ಬೆಳಕಾಗಿರುತ್ತದೆ. ಆ ಹೊತ್ತಿಗೆ ಸ್ಥಳಾಂತರಕ್ಕೆ ಉಳಿದಿರುವ ಸಮಯ ಬಹಳ ಕಡಿಮೆ. ಅಲೆ ಬಡಿಯುವ ಜಾಗದಲ್ಲಿ ಗೂಡಿದ್ದರೆ ಮಾತ್ರ ತರಬೇತಿ ಪಡೆದ ಅರಣ್ಯ ಸಿಬ್ಬಂದಿ ಒಂದೊಂದು ಮೊಟ್ಟೆಯನ್ನೂ ಇದ್ದ ಮಗ್ಗುಲಲ್ಲೇ ಎತ್ತಿ, ಅಷ್ಟೇ ಆಳದ ಹೊಸ ಗುಂಡಿಗೆ ಇಡುತ್ತಾರೆ. ಅಂಗಳದ ಮಣ್ಣು ಮಿಶ್ರಿತ ಹೊಯಿಗೆಯಲ್ಲಿ ನೀರು ನಿಂತು ಮೊಟ್ಟೆಗೆ ಬೂಸ್ಟು ಹಿಡಿಯುತ್ತದೆ.

ನೀವು ಮಾಡಬೇಕಾದದ್ದು ಇಷ್ಟು. ಗುರುತಿನ ಪಕ್ಕ ಒಂದು ಚಪ್ಪಲಿ ಇಟ್ಟು ಫೋಟೋ ತೆಗೆಯಿರಿ, ಅಳತೆ ಅಂದಾಜಿಗೆ ಸಿಗುತ್ತದೆ. ಗೂಡಿನಿಂದ ಒಂದು ಮೀಟರ್ ದೂರದಲ್ಲಿ ಎರಡು ಕೋಲು ನೆಟ್ಟು, ಸಮಯ ಬರೆದಿಟ್ಟುಕೊಂಡು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಯಾರಾದರೊಬ್ಬರು ಅಲ್ಲೇ ಇದ್ದು ನಾಯಿ ಅಟ್ಟಿದರೆ ಅದೇ ದೊಡ್ಡ ಉಪಕಾರ. ಜಾಗದ ವಿವರವನ್ನು ಮಾತ್ರ ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ. ಆಲಿವ್ ರಿಡ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಮೊಟ್ಟೆ ಕದ್ದರೂ 3ರಿಂದ 7 ವರ್ಷ ಜೈಲು. ಆದರೂ ಕದಿಯುವವರಿದ್ದಾರೆ.

ಗೂಡಿಗೆ ಬಲೆ ಹೊದಿಸುವುದಾದರೆ ಕೋಳಿಗೂಡಿನ ಸಣ್ಣ ಕಣ್ಣಿನ ತಂತಿ ಆಗದು. ಮರಿಯ ಬೆನ್ನುಚಿಪ್ಪೇ ಸುಮಾರು 4 ಸೆಂ.ಮೀ. ಇರುತ್ತದೆ. ಕಣ್ಣು ಚಿಕ್ಕದಾದರೆ ಮರಿಗಳು ಅಡಿಯಲ್ಲೇ ಸಿಕ್ಕಿಕೊಂಡು ಬಿಸಿಲಿಗೆ ಬೇಯುತ್ತವೆ.

ಪ್ರಶ್ನೆ (ಕಾಪು): ನಮ್ಮ ಹೋಂಸ್ಟೇ ಕಡಲಿಗೆ ಮುಖ ಮಾಡಿದೆ. ಕಳೆದ ವರ್ಷ ಆಮೆಮರಿಗಳು ಗೇಟಿನ ಕಡೆಗೇ ಬಂದವು. ಮಕ್ಕಳು ಬಾಲ್ದಿಯಲ್ಲಿ ನೀರು ಹಾಕಿ ಹಿಡಿದಿಟ್ಟು, ಬೆಳಗ್ಗೆ ಕಡಲಿಗೆ ಬಿಟ್ಟರು. ಸರಿಯೇ?

ಉತ್ತರ: ಮರಿಗಳನ್ನು ಗೇಟಿಗೆ ಕರೆದದ್ದು ನಿಮ್ಮ ದೀಪ. ಹೊಯಿಗೆ ತಣಿದ ಮೇಲೆ, ರಾತ್ರಿಯಲ್ಲಿ ಹೊರಬರುವ ಮರಿಗಳಿಗೆ ತಿಳಿದಿರುವುದು ಒಂದೇ ದಿಕ್ಕು, ಬೆಳಕು ಹೆಚ್ಚಿರುವ ಕಡೆ. ದೀಪವಿಲ್ಲದ ತೀರದಲ್ಲಿ ಅದು ಕಡಲೇ ಆಗಿರುತ್ತದೆ, ಹಿಂದಿನ ಗಾಳಿಮರದ ಸಾಲು ಕಪ್ಪಾಗಿ ಕಾಣುತ್ತದೆ. ಬಿಳಿ ಎಲ್‌ಇಡಿ ಹಾಕಿದರೆ ಲೆಕ್ಕ ತಲೆಕೆಳಗು. ಆಮೆ ಬರುವ ಕಾಲದಲ್ಲಿ, ಅಂದರೆ ಸುಮಾರು ಅಕ್ಟೋಬರಿನಿಂದ ಮಾರ್ಚ್ ತನಕ, ಮತ್ತು ಕೊನೆಯ ಗೂಡಿನ ಮರಿಗಳು ಹೊರಡುವವರೆಗೆ (ಮೊಟ್ಟೆಯಿಟ್ಟ 45ರಿಂದ 60 ದಿನಕ್ಕೆ) ಕಡಲ ಬದಿಯ ದೀಪ ಆರಿಸಿ. ಆರಿಸಲಾಗದ ಕಡೆ ಅಂಬರ್ ಬಣ್ಣದ ಬಲ್ಬು ಹಾಕಿ, ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮೇಲೆ ತಗಡಿನ ಮುಚ್ಚಿಗೆ ಕೊಡಿ. ಕಿಟಕಿಗೆ ದಪ್ಪ ಪರದೆ ಇರಲಿ. ಅತಿಥಿಗಳ ಮೊಬೈಲ್ ಟಾರ್ಚು, ಹೊಯಿಗೆಯ ಮೇಲಿನ ಬೆಂಕಿ ಕೂಡ ಇಷ್ಟೇ ಹಾನಿ ಮಾಡುತ್ತವೆ.

ಬಾಲ್ದಿಯ ವಿಷಯಕ್ಕೆ ಬಂದರೆ, ಮಕ್ಕಳ ಕಾಳಜಿ ದೊಡ್ಡದು, ಆದರೆ ನೀರು ಹಾಕಬಾರದಿತ್ತು. ಹೊಟ್ಟೆಯಲ್ಲಿ ಉಳಿದ ಹಳದಿ ಲೋಳೆಯ ಬಲದಿಂದ ಮರಿ ಮೊದಲ ದಿನ ಬಿಡದೆ ಈಜಿ ತೀರದಿಂದ ದೂರ ಹೋಗಬೇಕು. ಬಾಲ್ದಿಯ ನೀರಿನಲ್ಲಿ ರಾತ್ರಿಯಿಡೀ ಈಜಿದರೆ ಆ ಬಲ ಅಲ್ಲೇ ಮುಗಿಯುತ್ತದೆ. ಹಗಲು ಬಿಟ್ಟರೆ ಕಾಗೆ, ಗರುಡ ಕಾದಿರುತ್ತವೆ. ಹಾದಿ ತಪ್ಪಿದ ಮರಿಯನ್ನು ಒದ್ದೆ ಹೊಯಿಗೆ ಹಾಕಿದ ಅಗಲ ಪಾತ್ರೆಯಲ್ಲಿ, ನೀರಿಲ್ಲದೆ, ಕತ್ತಲಲ್ಲಿಟ್ಟು 1926ಕ್ಕೆ ತಿಳಿಸಿ. ಅವರು ಹೇಳಿದರೆ ಅದೇ ರಾತ್ರಿ ದೀಪವಿಲ್ಲದ ಜಾಗದಲ್ಲಿ ನೀರಿನಿಂದ ಕೆಲವು ಮೀಟರ್ ಮೇಲೆ ಬಿಡಿ. ನೇರ ನೀರಿಗೆ ಹಾಕಬೇಡಿ, ಅದು ತಾನೇ ತೆವಳಿ ಇಳಿಯಲಿ.

ಪ್ರಶ್ನೆ (ಸುರತ್ಕಲ್): ಸೆಕೆ ಹೆಚ್ಚಾದರೆ ಹುಟ್ಟುವ ಮರಿಗಳೆಲ್ಲ ಹೆಣ್ಣೇ ಎನ್ನುತ್ತಾರೆ. ನಿಜವೇ?

ಉತ್ತರ: ನಿಜ. ಕಾವಿನ ನಡುವಿನ ಅವಧಿಯಲ್ಲಿ ಗೂಡಿನ ಶಾಖ ಸುಮಾರು 29 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ದರೆ ಹೆಣ್ಣು ಹೆಚ್ಚು, ಕೆಳಗಿದ್ದರೆ ಗಂಡು ಹೆಚ್ಚು. ತೀರಾ ಬಿಸಿಯಾದರೆ ಯಾವುದೂ ಉಳಿಯದು. ಆದ್ದರಿಂದಲೇ ನೆರಳು ಬೀಳುವ ಜಾಗ, ತೆರೆದ ಹೊಯಿಗೆ ಎರಡೂ ತೀರದಲ್ಲಿ ಉಳಿಯಬೇಕು.

ಪ್ರಶ್ನೆ (ಮಲ್ಪೆ ಬಂದರು): ಟ್ರಾಲ್ ಬಲೆಯಲ್ಲಿ ಬಂದ ಆಮೆ ಅಲುಗಾಡುವುದಿಲ್ಲ. ಸತ್ತಿದೆ ಎಂದು ಕಡಲಿಗೆ ಹಾಕುತ್ತೇವೆ. ಬೇರೆ ದಾರಿಯಿದೆಯೇ?

ಉತ್ತರ: ಇದೆ. ಆಮೆ ಗಾಳಿ ಉಸಿರಾಡುವ ಪ್ರಾಣಿ. ಬಲೆಯೊಳಗೆ ಹೆಚ್ಚು ಹೊತ್ತು ಸಿಕ್ಕಿಬಿದ್ದರೆ ಶ್ವಾಸಕೋಶಕ್ಕೆ ನೀರು ಹೋಗಿ ಪ್ರಜ್ಞೆ ತಪ್ಪುತ್ತದೆ. ಸತ್ತಂತೆ ಕಂಡರೂ ಜೀವ ಇರಬಹುದು, ಹಾಗೆಯೇ ನೀರಿಗೆ ಹಾಕಿದರೆ ಆಗ ನಿಜವಾಗಿಯೂ ಮುಳುಗಿ ಸಾಯುತ್ತದೆ.

ಮಗುಚಬೇಡಿ, ಹೊಟ್ಟೆ ಕೆಳಗಾಗಿಯೇ ಮಲಗಿಸಿ. ಹಿಂಭಾಗದ ಅಡಿಗೆ ಹಗ್ಗದ ಸುರುಳಿಯೋ ಹಳೆಯ ಟಯರೋ ಇಟ್ಟು ಕನಿಷ್ಠ 15 ಸೆಂ.ಮೀ. ಎತ್ತರಿಸಿ, ನೀರು ಬಾಯಿಯಿಂದ ಇಳಿದು ಹೋಗುತ್ತದೆ. ಆಮೆ ದೊಡ್ಡದಾದಷ್ಟೂ ಹೆಚ್ಚು ಎತ್ತರ ಬೇಕು. ನೆರಳಿನಲ್ಲಿಟ್ಟು, ಒದ್ದೆ ಗೋಣಿ ಹೊದಿಸಿ, ಮೂಗಿನ ಹೊಳ್ಳೆ ಮುಚ್ಚದಂತೆ ನೋಡಿಕೊಳ್ಳಿ. ಮೂರು ಗಂಟೆಗೊಮ್ಮೆ ಕಣ್ಣಿನ ಅಂಚು ಅಥವಾ ಬಾಲ ಮೆಲ್ಲಗೆ ಮುಟ್ಟಿ, ಅಲುಗಿದರೆ ಜೀವವಿದೆ. ಚೇತರಿಸಲು 4ರಿಂದ 24 ಗಂಟೆ ಬೇಕಾಗಬಹುದು. ಅವಸರದಲ್ಲಿ ಒಂದು ಗಂಟೆ ನೋಡಿ ಬಿಟ್ಟುಬಿಡುವುದೇ ಇಲ್ಲಿ ಆಗುವ ತಪ್ಪು.

ಚೆನ್ನಾಗಿ ಕೈಕಾಲು ಆಡಿಸತೊಡಗಿದ ಮೇಲೆ, ನೀರಿನಲ್ಲಿ ಬಲೆ ಇಲ್ಲದಾಗ, ಇಂಜಿನ್ ನ್ಯೂಟ್ರಲ್‌ನಲ್ಲಿಟ್ಟು ಬೋಟಿನ ಹಿಂಬದಿಯಿಂದ ತಲೆ ಮುಂದಾಗಿ ಇಳಿಸಿ. ಎತ್ತರದಿಂದ ಎಸೆಯಬೇಡಿ. ಅದು ದೂರ ಸರಿದದ್ದು ಕಂಡ ಮೇಲೆಯೇ ಬೋಟು ಮುಂದೆ ಹೋಗಲಿ.