ಲೆಕ್ಕ ಹಾಕುವವರು ಯಾರು?

ಗುರುತು ಸಿಗದಿರಲೆಂದು ಇಲ್ಲಿ ಬರುವ ಗಂಡ ಹೆಂಡತಿಯ ವಯಸ್ಸು, ಉದ್ಯೋಗ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.

ಗಂಡ ಒಳಗೆ ಬಂದು ಕೂತವರೇ ಫೋನ್ ತೆಗೆದು ಹಾಡುಗಳ ಪಟ್ಟಿ ತೋರಿಸಿದರು. ನಲವತ್ತಕ್ಕೂ ಹೆಚ್ಚು ಹಾಡು, ಎಲ್ಲವೂ ಕುಣಿಸುವಂಥವು. "ಎಂಎಸ್ ಇರೋರಿಗೆ ಮ್ಯೂಸಿಕ್ ಥೆರಪಿ ಒಳ್ಳೇದು ಅಂತ ಓದಿದೆ ಮೇಡಂ. ದಿನಾ ಸಂಜೆ ಹಾಡು ಹಾಕಿ ನಡೆಸ್ತೀನಿ. ಇವಳಿಗೆ ಮನಸ್ಸೇ ಇಲ್ಲ."

ಹೆಂಡತಿ ಮಾತಾಡಲಿಲ್ಲ. ಎಡ ಮೊಣಕೈ ಹತ್ತಿರ ಪೆಟ್ಟು ಬಿದ್ದು ಕಂದಿದ ಗುರುತಿತ್ತು. ಏನಾಯಿತು ಅಂದೆ. "ಮೂರನೇ ಹಾಡಿಗೆ ಬಿದ್ದೆ" ಎಂದರು, ಅಷ್ಟೇ.

ಆಕೆಗೆ 38 ವರ್ಷ, ಶಿಕ್ಷಕಿ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂದು ಗೊತ್ತಾಗಿ ಆರು ವರ್ಷ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಹೊದಿಕೆಯನ್ನು ಕೆಡಿಸುವ ಕಾಯಿಲೆ ಇದು. ಹೊದಿಕೆ ಹೋದ ಕಡೆ ಸಂದೇಶ ತಡವಾಗುತ್ತದೆ, ಕೆಲವೊಮ್ಮೆ ತಲುಪುವುದೇ ಇಲ್ಲ. ಕಾಲು ಎತ್ತಿದ್ದೇನೆ ಅಂದುಕೊಂಡರೂ ಬೆರಳು ನೆಲಕ್ಕೆ ತಾಗುವುದು ಅದಕ್ಕೇ. ಇದರ ಜೊತೆಗಿರುವ ಸುಸ್ತು ನೋಡುವವರ ಕಣ್ಣಿಗೆ ಕಾಣುವುದಿಲ್ಲ; ಸೋಮಾರಿತನ ಅನ್ನಿಸಿಕೊಳ್ಳುವುದು ಅದೇ. ಮೈ ಬಿಸಿಯಾದರಂತೂ ಲಕ್ಷಣಗಳು ಸ್ವಲ್ಪ ಹೊತ್ತು ಜಾಸ್ತಿಯಾಗುತ್ತವೆ. ಊಥಾಫ್ ಎಂಬ ಜರ್ಮನ್ ನೇತ್ರವೈದ್ಯರು 1890ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ದಿನವಿಡೀ ದಣಿದ ಸಂಜೆ, ಮೈ ಬಿಸಿಯಾಗುವಷ್ಟು ಜೋರಾದ ಹಾಡು. ಬೀಳದೆ ಇನ್ನೇನಾದೀತು?

ಆಕೆಯೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದಾಗ ನಿಜವಾದ ಸಂಕಟ ಹೊರಬಂತು. "ಹಿಂದೆ ಬರ್ತಾ ‘ಒಂದು, ಎರಡು, ಒಂದು, ಎರಡು’ ಅಂತಾರೆ. ನಾನು ಮಕ್ಕಳಿಗೆ ಹಾಗೆ ಹೇಳ್ತಿದ್ದವಳು. ಈಗ ನಾನೇ ಮಗು ಆಗಿದೀನಿ." ಇನ್ನೊಂದು ವಿಷಯವನ್ನು ಏಳುವ ಹೊತ್ತಿಗೆ ಹೇಳಿದರು. ಮನೆಯ ಕೀಬೋರ್ಡಿಗೆ ಬಟ್ಟೆ ಹೊದಿಸಿ ಎರಡು ವರ್ಷವಾಯಿತಂತೆ. ಬಲಗೈ ಬೆರಳು ಜೋಮು ಹಿಡಿದಂತಿರುತ್ತದೆ. ಚೆಲ್ಲೊ ವಾದಕಿ ಜಾಕ್ವೆಲಿನ್ ದು ಪ್ರೆ ಕಥೆ ಓದಿದ ಮೇಲೆ ಅದರ ಹತ್ತಿರ ಹೋಗಿಲ್ಲ. 1973ರಲ್ಲಿ ದು ಪ್ರೆಗೆ ಇದೇ ಕಾಯಿಲೆ ಎಂದು ಗೊತ್ತಾಯಿತು, 1987ರಲ್ಲಿ 42ನೇ ವಯಸ್ಸಿಗೆ ತೀರಿಕೊಂಡರು.

ಆ ಹೆದರಿಕೆಗೆ ಸಮಾಧಾನದ ಮಾತಿಗಿಂತ ಒಂದು ಇಸವಿ ಹೆಚ್ಚು ಕೆಲಸಕ್ಕೆ ಬಂತು. ಈ ಕಾಯಿಲೆಯ ಗತಿಯನ್ನೇ ನಿಧಾನಿಸುವ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1993ರಲ್ಲಿ, ಅಂದರೆ ದು ಪ್ರೆ ತೀರಿಕೊಂಡು ಆರು ವರ್ಷದ ಮೇಲೆ. "ನೀವು ತಗೊಳ್ತಿರೋ ಔಷಧ ಅವರ ಕಾಲಕ್ಕೆ ಇರಲೇ ಇಲ್ಲ" ಅಂದೆ. ಬಹಳ ಹೊತ್ತು ಸುಮ್ಮನಿದ್ದರು.

ಮುಂದಿನ ಭೇಟಿಗೆ ನಮ್ಮ ಫಿಸಿಯೋಥೆರಪಿಸ್ಟ್ ಕೂಡ ಇದ್ದರು. ಹಾಡಿಲ್ಲದೆ, ಮಾತಿಲ್ಲದೆ, ಗೋಡೆಯ ಪಕ್ಕದಲ್ಲಿ ಆಕೆಯನ್ನು ಆಕೆಯ ಪಾಡಿಗೆ ನಡೆಯಲು ಬಿಟ್ಟರು. ಹದಿನೈದು ಸೆಕೆಂಡಿಗೆ 19 ಹೆಜ್ಜೆ, ನಿಮಿಷಕ್ಕೆ 76. ಸಮ ವೇಗದಲ್ಲಿ ಟಿಕ್ ಟಿಕ್ ಎಂದು ತಾಳ ಹಾಕುವ ಮೆಟ್ರೊನೋಮನ್ನು 76ಕ್ಕೇ ಇಟ್ಟು, ನಿಂತಲ್ಲೇ ಬೆರಳಿನಿಂದ ತೊಡೆ ತಟ್ಟಿಸಿ, ತಾಳ ಕೈಗೆ ಕೂತ ಮೇಲೆ ನಡೆಸಿದರು. ಗಂಡನ ಪಟ್ಟಿಯಲ್ಲಿದ್ದ ಹಾಡೊಂದರ ತಾಳವನ್ನೂ ಅಳೆದೆವು: ನಿಮಿಷಕ್ಕೆ 128. ಅವರು ಆ ಅಂಕಿಯನ್ನೇ ನೋಡುತ್ತ ಕೂತರು. ನಾನು ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ.

ಸಂಗೀತ ಚಿಕಿತ್ಸೆ ಅಂದರೆ ಮನಸ್ಸಿಗೆ ಹಿತವಾಗುವ ಹಾಡು ಕೇಳಿಸುವುದು ಅಂತ ಬಹಳ ಮಂದಿ ತಿಳಿದಿದ್ದಾರೆ. ಅದೂ ಉಂಟು. ಆದರೆ ನಡಿಗೆಯ ವಿಷಯದಲ್ಲಿ ಸಂಗೀತ ಮಾಡುವ ಕೆಲಸ ಗಡಿಯಾರದ್ದು: ಮುಂದಿನ ಹೆಜ್ಜೆ ಯಾವಾಗ ಎಂಬುದನ್ನು ಕಿವಿ ಮೊದಲೇ ಊಹಿಸಿ ಕಾಲಿಗೆ ತಿಳಿಸುತ್ತದೆ. ಸಂಗೀತ ಚಿಕಿತ್ಸೆಯ ಸಂಶೋಧಕ ಮೈಕೆಲ್ ಥಾಟ್ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಪಾರ್ಶ್ವವಾಯು, ಪಾರ್ಕಿನ್ಸನ್ಸ್ ರೋಗಿಗಳ ನಡಿಗೆಗೆ ಬಳಸಿ ನೋಡಿದ ವಿಧಾನ ಇದು. ಎಂಎಸ್‌ನಲ್ಲಿ ನಡೆದಿರುವ ಅಧ್ಯಯನಗಳು ಹೆಚ್ಚಿನವು ಚಿಕ್ಕವು, ಫಲ ಆಶಾದಾಯಕ. ಕೆಟ್ಟ ಮಯಲಿನ್ ಇದರಿಂದ ಮತ್ತೆ ಬೆಳೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ ಎಂದು ಇಬ್ಬರಿಗೂ ಹೇಳಿದೆ.

ನಾವು ಕೊಟ್ಟ ಸಲಹೆ ಇಷ್ಟು. ಅಭ್ಯಾಸ ಬೆಳಗ್ಗೆ, ತಂಪಿರುವಾಗ, ಹತ್ತೇ ನಿಮಿಷ, ಗೋಡೆ ಅಥವಾ ಕೋಲಿನ ಆಸರೆಯಲ್ಲಿ. ಎರಡು ವಾರ 76; ನಡಿಗೆ ಸಲೀಸಾದರೆ ಮಾತ್ರ 80, ಅದೂ ಫಿಸಿಯೋಥೆರಪಿಸ್ಟ್ ನೋಡಿದ ಮೇಲೆ. ಹಾಡೇ ಬೇಕೆಂದರೆ ಅದೇ ವೇಗದ, ತಾಳ ಎದ್ದು ಕೇಳುವ ಹಾಡು. ರಸ್ತೆಯಲ್ಲಿ ಇಯರ್‌ಫೋನ್ ಬೇಡ. ಸುಸ್ತಿಗೆ ಸೊನ್ನೆಯಿಂದ ಹತ್ತರವರೆಗೆ ಆಕೆಯೇ ಅಂಕ ಕೊಡಬೇಕು. ಆರು ಅಂದರೆ ಆ ದಿನಕ್ಕೆ ಮುಗಿಯಿತು, ಚರ್ಚೆ ಇಲ್ಲ. ಹೊಸ ಲಕ್ಷಣ ಕಾಣಿಸಿ ಒಂದು ದಿನ ದಾಟಿದರೆ ಕೂಡಲೇ ನರರೋಗ ತಜ್ಞರಿಗೆ ಫೋನ್. ಔಷಧ ಯಾವ ಕಾರಣಕ್ಕೂ ನಿಲ್ಲಬಾರದು.

ಗಂಡನಿಗೆ ಬೇರೆಯಾಗಿ ಹೇಳಿದ್ದು ಒಂದೇ ಮಾತು: ಲೆಕ್ಕ ಹಾಕುವುದನ್ನು ಮೆಟ್ರೊನೋಮಿಗೆ ಬಿಡಿ, ನೀವು ಪಕ್ಕದಲ್ಲಿ ನಡೆಯಿರಿ. "ಹಾಗಾದರೆ ನಾನು ಮಾಡೋದೇನು?" ಎಂದರು. ಆ ಪ್ರಶ್ನೆಯಲ್ಲಿ ಅವರ ಆರು ವರ್ಷದ ಭಯವೆಲ್ಲ ಇತ್ತು. ಮುಂದಿನ ಎರಡು ಭೇಟಿ ಅದಕ್ಕೇ ಹೋಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ಕೀಬೋರ್ಡಿನ ಮಾತನ್ನು ನಾನಾಗಿ ಎತ್ತಲಿಲ್ಲ. ಆಕೆಯೇ ಕೇಳಿದಾಗ 2015ರ ಒಂದು ಸಣ್ಣ ಅಧ್ಯಯನದ ವಿಷಯ ಹೇಳಿದೆ. ಕೀಬೋರ್ಡಿನ ಸದ್ದು ಬಂದ್ ಮಾಡಿ ಬೆರಳಾಡಿಸಿದ ಎಂಎಸ್ ರೋಗಿಗಳಿಗಿಂತ, ಸದ್ದು ಕೇಳುತ್ತ ನುಡಿಸಿದವರ ಕೈಬಳಕೆ ಹೆಚ್ಚು ಸುಧಾರಿಸಿತ್ತು. "ತಪ್ಪು ಸ್ವರ ಬಿದ್ದರೂ ಪರವಾಗಿಲ್ವಾ?" ಅಂದರು. ಪರವಾಗಿಲ್ಲ ಅಂದೆ. ಬಟ್ಟೆ ತೆಗೆದಿದ್ದಾರೋ ಇಲ್ಲವೋ, ನಾನು ಕೇಳಿಲ್ಲ.

ಎಂಟನೇ ವಾರ ನಮ್ಮ ಕಾರಿಡಾರಿನಲ್ಲಿ 80ಕ್ಕೆ ನಡೆದರು. ಬೆರಳು ನೆಲಕ್ಕೆ ತಾಗಿದ್ದು ಎರಡೇ ಸಲ. ಮೂರನೇ ಸುತ್ತಿನ ಅರ್ಧಕ್ಕೆ ಗೋಡೆ ಹಿಡಿದು ನಿಂತು "ಆರು" ಎಂದರು. ಪಕ್ಕದಲ್ಲಿದ್ದ ಗಂಡ ಬಾಯಿ ತೆರೆದವರು ಮುಚ್ಚಿಕೊಂಡು, ಮೆಟ್ರೊನೋಮ್ ನಿಲ್ಲಿಸಿ, ಕುರ್ಚಿ ತರಲು ಹೋದರು.