ಬಾಯಿ ಮುಚ್ಚಿದ ಬಳಚೆಲ್ಲ ಚೆನ್ನಾಗಿದೆ ಅಂತ ನಂಬಬೇಡಿ

ಪ್ರಶ್ನೆ: ಅಳಿವೆಯಲ್ಲಿ ಬಲೆ ಕಟ್ಟಿ ಬಳಚು (ಮರಳಲ್ಲಿ ಹುದುಗಿರುವ, ಎರಡು ಚಿಪ್ಪಿನ ಜೀವಿ) ಬೆಳೆಸುತ್ತಿದ್ದೇವೆ. ಮರಿಗಳನ್ನು ಬೇರೆ ಊರಿಂದ ಗೋಣಿಚೀಲದಲ್ಲಿ ತಂದೆವು. ಬೆಳಗ್ಗೆ ತೆಗೆದು ಸಂಜೆ ನೀರಿಗೆ ಬಿಟ್ಟೆವು. ಆಗ ಎಲ್ಲವೂ ಗಟ್ಟಿಯಾಗಿ ಬಾಯಿ ಮುಚ್ಚಿಕೊಂಡಿದ್ದವು. ಮೂರನೇ ದಿನಕ್ಕೆ ಅರ್ಧ ಸತ್ತವು. ನಮ್ಮ ಹೊಳೆ ನೀರಲ್ಲಿ ಏನಾದರೂ ಸೇರಿದೆಯಾ?
– ಕುಮಟಾ ಕಡೆಯ ಓದುಗರು

ನೀರನ್ನು ಬೈಯುವ ಮೊದಲು ಗೋಣಿಯನ್ನು ನೋಡಿ. ವರ್ಷಕ್ಕೆ ಹತ್ತು ಸಲ ಈ ಪ್ರಶ್ನೆ ಬರುತ್ತದೆ. ಜೊತೆಗೆ ಒಂದು ಮಾತೂ ಬರುತ್ತದೆ: ‘ದಿನಾ ಇಳಿತದಲ್ಲಿ ನೀರಿಲ್ಲದೆ ಇದ್ದು ಅದಕ್ಕೆ ರೂಢಿಯಾಗಿರುತ್ತದೆ ಅಲ್ವಾ?’ ಇಳಿತದಲ್ಲಿ ಬಳಚು ಒದ್ದೆ ಮರಳೊಳಗೆ ತಂಪಾಗಿ ಹುದುಗಿರುತ್ತದೆ. ಕೆಲವೇ ಗಂಟೆಯಲ್ಲಿ ಭರತ ಬಂದು ನೀರು ಕೊಡುತ್ತದೆ. ಬೈಕಿನ ಹಿಂದೆ ಬಿಸಿಲಲ್ಲಿ ಕೂತ ಗೋಣಿಗೂ ಅದಕ್ಕೂ ಏನು ಸಂಬಂಧ?

ಒಂದು ಬಳಚು ಬಿಡಿಸಿ, ಚಿಪ್ಪು ಹಿಡಿದಿಡುವ ಸ್ನಾಯುವನ್ನು ಕಣ್ಣಹತ್ತಿರ ಹಿಡಿದು ನೋಡಿ. ಅದರಲ್ಲಿ ಎರಡು ಪಾಲಿವೆ. ಒಂದು ಗಾಜಿನ ಹಾಗೆ, ಇನ್ನೊಂದು ಹಾಲು ಬಿಳುಪು. ಚಿಪ್ಪನ್ನು ಥಟ್ಟನೆ ಮುಚ್ಚುವುದು ಮೊದಲನೆಯದು. ಬಿಳಿಯದು ಚಿಲಕದ ಹಾಗೆ, ಹೆಚ್ಚು ಶಕ್ತಿ ಖರ್ಚಿಲ್ಲದೆ ಗಂಟೆಗಟ್ಟಲೆ ಬಿಗಿ ಹಿಡಿಯುತ್ತದೆ. ಬಾಯಿ ಮುಚ್ಚಿದೆ ಅಂದರೆ ಆ ಚಿಲಕ ಬಿದ್ದಿದೆ, ಅಷ್ಟೇ. ಒಳಗಿನ ಜೀವ ಎಷ್ಟು ಸೋತಿದೆ ಅಂತ ಅದು ಹೇಳುವುದಿಲ್ಲ.

ಒಳಗೆ ನಡೆಯುವುದು ಬೇರೆ. ಚಿಪ್ಪು ಮುಚ್ಚಿದ ಮೇಲೆ ಕಿವಿರಿಗೆ ಹೊಸ ನೀರಿಲ್ಲ, ಆಮ್ಲಜನಕ ಬೇಗ ಮುಗಿಯುತ್ತದೆ. ಎದೆಬಡಿತ ನಿಧಾನವಾಗುತ್ತದೆ. ಬಳಚು ತನ್ನ ಖರ್ಚನ್ನು ಆದಷ್ಟು ಕಡಿಮೆ ಮಾಡಿಕೊಂಡು, ಮೈಯಲ್ಲಿ ಕೂಡಿಟ್ಟ ಗ್ಲೈಕೋಜೆನ್ (ಗ್ಲೂಕೋಸ್ ಸೇರಿ ಆದ ಶಕ್ತಿಯ ಗಂಟು) ಕರಗಿಸಿ ದಿನ ದೂಡುತ್ತದೆ. ಆಮ್ಲಜನಕ ಇದ್ದಾಗ ಒಂದು ಗ್ಲೂಕೋಸಿನಿಂದ ಸುಮಾರು 30 ಪಾಲು ಶಕ್ತಿ ಸಿಗುತ್ತದೆ ಅಂದುಕೊಳ್ಳಿ. ಇಲ್ಲದಾಗ ಸಿಗುವುದು ನಾಲ್ಕೋ ಆರೋ ಪಾಲು. ಜೊತೆಗೆ ಮೈಯಲ್ಲಿ ಆಮ್ಲ ಕೂಡುತ್ತದೆ. ಅದನ್ನು ತಣಿಸಲು ಚಿಪ್ಪಿನ ಒಳಮೈಯ ಸುಣ್ಣವನ್ನೇ ಕರಗಿಸಿಕೊಳ್ಳುತ್ತದೆ! ಚಿಪ್ಪು ಸುಟ್ಟು ಸುಣ್ಣ ಮಾಡುವ ಊರಿನವರಿಗೆ ಇದು ಬೇಗ ಅರ್ಥವಾದೀತು.

ಬಿಸಿಲು ಸೇರಿದರೆ ಈ ಲೆಕ್ಕ ಕೆಡುತ್ತದೆ. ಶಾಖ 10 ಡಿಗ್ರಿ ಏರಿದರೆ ಮೈಯ ಖರ್ಚು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಗೋಣಿಯ ನಡುವಿಗೆ ಒಮ್ಮೆ ಕೈ ತೂರಿಸಿ ನೋಡಿ. ಮೇಲಿನವು ತಂಪಾಗಿರುತ್ತವೆ, ನಡುವಿನವು ಬೆಚ್ಚಗಿರುತ್ತವೆ. ತಳದವು ಭಾರಕ್ಕೆ ಅಂಚು ಒಡೆದುಕೊಂಡು, ಒಳಗೆ ಹಿಡಿದಿಟ್ಟ ನೀರನ್ನೆಲ್ಲ ಸೋರಿಬಿಟ್ಟಿರುತ್ತವೆ.

ಇನ್ನು ಮೂರನೇ ದಿನದ ಸಾವು. ನೀರಿಗೆ ಬಿದ್ದ ಕೂಡಲೇ ಆಮ್ಲಜನಕ ಒಮ್ಮೆಲೇ ನುಗ್ಗುತ್ತದೆ. ಸೋತ ಮೈಗೆ ಅದೇ ಇನ್ನೊಂದು ಪೆಟ್ಟು, ಜೀವಕೋಶಗಳು ಹಾಳಾಗುತ್ತವೆ. ರೋಗ ತಡೆಯುವ ರಕ್ತಕಣಗಳೂ ಬಲ ಕಳೆದುಕೊಂಡಿರುತ್ತವೆ. ಉಪ್ಪುನೀರಲ್ಲಿ ಯಾವಾಗಲೂ ಇರುವ ವಿಬ್ರಿಯೊ ಬ್ಯಾಕ್ಟೀರಿಯಾಗೆ ಇದೇ ಸಮಯ. ಆಗತಾನೇ ಮೊಟ್ಟೆ ಬಿಟ್ಟ ಬಳಚಾದರೆ ಗ್ಲೈಕೋಜೆನ್ ಗಂಟು ಮೊದಲೇ ಖಾಲಿ. ಅದನ್ನು ದೂರ ಸಾಗಿಸಲೇಬೇಡಿ.

ಮುಂದಿನ ಸಲ ರಾತ್ರಿ ಇಲ್ಲವೇ ನಸುಕಿನಲ್ಲಿ ತನ್ನಿ. ತೂತಿರುವ ಕ್ರೇಟಿನಲ್ಲಿ ತೆಳ್ಳಗೆ ಹರಡಿ, ಮೇಲೆ ಹೊಳೆಯ ಉಪ್ಪುನೀರಲ್ಲೇ ನೆನೆಸಿದ ಗೋಣಿ ಹೊದಿಸಿ. ಎತ್ತಿ ಕುಕ್ಕಬೇಡಿ. ಬಿಡುವ ಜಾಗದ ಉಪ್ಪಿನಂಶ ತಂದ ಜಾಗದಷ್ಟೇ ಇದೆಯಾ ಅಂತ ಮೊದಲೇ ಅಳೆಯಿರಿ. ಮರಿಗಳಿಗೆ ಆರು ಗಂಟೆ ನನ್ನ ಮಿತಿ. ಹನ್ನೆರಡು ಗಂಟೆ ಇಟ್ಟರೂ ಬದುಕಿದವು ಅನ್ನುವವರಿದ್ದಾರೆ. ಅವರು ಮೂರನೇ ದಿನ ಎಣಿಸಿದ್ದಾರಾ ಅಂತ ಕೇಳಿ. ಬಿಟ್ಟ ಮೇಲೆ ಒಂದು ಹಿಡಿ ಬಳಚನ್ನು ಮರಳು ಹಾಕಿದ ಬುಟ್ಟಿಯಲ್ಲಿ ಅಲ್ಲೇ ನೀರಲ್ಲಿಡಿ. ಚೆನ್ನಾಗಿರುವುದು ತಾನೇ ಮರಳಿಗೆ ಇಳಿಯುತ್ತದೆ. ಮರುದಿನ ಬೆಳಗ್ಗೆಯೂ ಮೇಲೇ ಬಿದ್ದಿರುವುದನ್ನು ಆರಿಸಿ ತೆಗೆಯಿರಿ, ಇಲ್ಲವಾದರೆ ಕೊಳೆತು ಪಕ್ಕದವನ್ನೂ ಕೆಡಿಸುತ್ತದೆ.

ಪ್ರಶ್ನೆ: ಗೋಣಿ ಮೇಲೆ ಚಿಮುಕಿಸಲು ‘ಶಕ್ತಿ ದ್ರಾವಣ’ ಮಾರುತ್ತಾರೆ. ತಗೊಳ್ಳಬಹುದಾ?

ಬೇಡ. ಬಾಯಿ ಮುಚ್ಚಿದ ಬಳಚು ಏನನ್ನೂ ಕುಡಿಯುವುದಿಲ್ಲ. ನಿಮ್ಮ ದುಡ್ಡು ಗೋಣಿಗೆ ಹೋಗುತ್ತದೆ. ಮಾರುವವರಿಗೆ ಇದು ಗೊತ್ತಿಲ್ಲ ಅಂತ ನಾನು ನಂಬುವುದಿಲ್ಲ.

ಪ್ರಶ್ನೆ: ಐಸ್ ಹಾಕಿದರೆ?

ಐಸ್ ಕರಗಿದರೆ ಸಿಹಿನೀರು, ಅದು ಬಳಚಿಗೆ ಶತ್ರು. ನಮ್ಮ ಬೆಚ್ಚನೆ ನೀರಿನ ಬಳಚಿಗೆ ಆ ಚಳಿಯೂ ಆಗುವುದಿಲ್ಲ. ಬೇಕೇ ಬೇಕು ಅಂದರೆ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ, ಪಕ್ಕದಲ್ಲಿಡಿ.

ಪ್ರಶ್ನೆ: ಕೆಂಪು ರಕ್ತದ ಚಿಪ್ಪಿ ಜಾಸ್ತಿ ಹೊತ್ತು ತಾಳುತ್ತದಲ್ಲ?

ಅದರ ರಕ್ತದಲ್ಲಿ ಹಿಮೋಗ್ಲೋಬಿನ್ ಇದೆ. ಬಳಚಿನಲ್ಲಿ ಇಲ್ಲ. ಹೋಲಿಸಬೇಡಿ.

ಪ್ರಶ್ನೆ: ಎರಡು ದಿನ ಹೊರಗಿದ್ದರೂ ಜೀವ ಇದೆ. ತಿನ್ನಬಹುದು ಅಲ್ವಾ?

ಮಕ್ಕಳಿರುವ ಮನೆಯಲ್ಲಿ ನಾನಂತೂ ಮಾಡಿಸುವುದಿಲ್ಲ. ಜೀವಂತ ಬಳಚಿನಲ್ಲೂ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಪಾಚಿಯಿಂದ ಬಂದ ವಿಷ ಇದ್ದರೆ ಅದು ಬೇಯಿಸಿದರೂ ಹೋಗುವುದಿಲ್ಲ.

ಪ್ರಶ್ನೆ: ಅಡುಗೆಗೆ ಮೊದಲು ಬಳಚು ಒಳಗಿನ ಮರಳು ಬಿಡಲಿ ಅಂತ ನೀರಿಗೆ ಅಕ್ಕಿಹಿಟ್ಟು ಹಾಕಬಹುದಾ?

ಹಿಟ್ಟು ನೀರನ್ನು ಕೆಡಿಸುತ್ತದೆ. ಶುದ್ಧ ಉಪ್ಪುನೀರಲ್ಲಿ ಒಂದು ರಾತ್ರಿ ಬಿಡಿ, ಸಾಕು.